ಸರಳ ಸ್ವಭಾವದ ಮಗು

ಕರೆಂಟು ಬಂತು, ಗೋಡೆಯಾಚೆಯ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲು ಗುಡುಗಿಕೊಂಡು ಶುರುವಾಯಿತು, ಬಾಗಿಲಲ್ಲಿ ಮುದುರಿಕೊಂಡಿದ್ದ ಬೆಕ್ಕು ಬೆಚ್ಚಿ ಹಿತ್ತಲಿಗೆ ಓಡಿತು, ನಾನೂ ಚಹಾ ಮೈಮೇಲೆ ಚೆಲ್ಲಿಕೊಂಡೆ, ತೊಟ್ಟಿಲಲ್ಲಿ ಮಲಗಿದ ವಾಗೀಶನ ರೆಪ್ಪೆ ಮಾತ್ರ ಅಲುಗಲಿಲ್ಲ — ನೋಡವ್ವ ಗಂಗೀ, ಅನ್ನುತ್ತಾಳೆ ಅಜ್ಜಿ, ಇಷ್ಟು ಸಪ್ಪಳದಾಗೂ ಹೆಂಗ ಮಲಗ್ಯಾನ ನನ್ನ ಬಂಗಾರ, ಈ ಮನಿಗೆ ಹೊಂದ್ಕೊಂಡೇ ಹುಟ್ಟ್ಯಾನ. ಹೂಂ ಅಜ್ಜಿ ಅಂದೆ, ಬೆಳಗ್ಗೆಯಿಂದ ಹೂಂ ಅನ್ನುವುದೊಂದೇ ನನ್ನ ಕೆಲಸ, ನಮ್ಮೂರು ಆಲೂರಿನಿಂದ ಬಸ್ಸಿನಲ್ಲಿ ಬರುವಾಗ ಮಾತನ್ನು ಎಷ್ಟು ಚೆನ್ನಾಗಿ ಜೋಡಿಸಿಕೊಂಡಿದ್ದೆ, ಭುವನಾ, ಗಾಬರಿಯಾಗಬೇಡ, ಮಗುವಿನ ಕಿವಿ ಒಂದು ಸಲ ಡಾಕ್ಟರಿಗೆ ತೋರಿಸೋಣ, ಅಷ್ಟೇ, ಒಡಹುಟ್ಟಿದ ತಂಗಿಗೆ ಹೇಳಲಾಗದಂಥ ಮಾತೇನಲ್ಲ, ಆದರೆ ಆದೋನಿಯಲ್ಲಿ ಇಳಿದು ಈ ಮನೆಯ ಹೊಸ್ತಿಲು ದಾಟುತ್ತಲೇ ಅವಳ ಗಂಡ, ನಮ್ಮ ಸೋಮೇಶ ಮಾಮ, ಮಂಡಕ್ಕಿ ವಗ್ಗರಣಿ, ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಹಿಡಿದು ಎದುರಿಗೆ ಬಂದ, ಬರ್ರಿ ಬರ್ರಿ ಪ್ರೊಫೆಸರಮ್ಮ, ಮೊದ್ಲು ತಿನ್ರಿ, ಆಮ್ಯಾಲ ನಮ್ಮ ಮಗನ್ನ ಪರೀಕ್ಷಾ ಮಾಡೀರಂತ, ಪಾಸೋ ಫೇಲೋ ಹೇಳ್ರಿ ಅಂದ. ಪಾಸು ಮಾಮ, ಅಂದುಬಿಟ್ಟೆ. ಬಾಯಲ್ಲಿ ಮೆಣಸಿನಕಾಯಿ ಇತ್ತು, ಕಣ್ಣಲ್ಲಿ ನೀರು ಬಂತು, ಖಾರ ಜಾಸ್ತಿ ಆತೇನ ಅಂತ ಅವನೇ ಓಡಿ ನೀರು ತಂದುಕೊಟ್ಟ. ಬ್ಯಾಗಿನ ತಳದಲ್ಲಿ ನಮ್ಮ ವಿಭಾಗದಿಂದ ಕೇಳಿ ತಂದ ಗಿಲಕಿ ಇದೆ, ಕೂಸಿನ ಬೆನ್ನ ಹಿಂದೆ ಆಡಿಸಿ ನೋಡುವುದಕ್ಕೆಂದೇ ತಂದದ್ದು, ಟವೆಲ್ಲಿನಲ್ಲಿ ಸುತ್ತಿ ಇಟ್ಟಿದ್ದೇನೆ, ಇನ್ನೂ ತೆಗೆದಿಲ್ಲ. ಆಡಿಸದಿದ್ದರೆ ಗೊತ್ತಾಗುವುದಿಲ್ಲ, ಗೊತ್ತಾಗದಿದ್ದರೆ ಹೇಳಬೇಕಾಗಿಲ್ಲ, ಇದು ಎಂ.ಎಸ್ಸಿ. ಓದುವವಳ ಬುದ್ಧಿ.

ವಾಗೀಶನೇ ನನ್ನ ಅಧ್ಯಯನದ ಮಗು. ಶಿಶುವಿಕಾಸ ಓದುವವರೆಲ್ಲ ಒಂದೊಂದು ಕೂಸನ್ನು ಆರಿಸಿಕೊಂಡು ಅದು ಬೆಳೆಯುವುದನ್ನು ನೋಡಿ ಬರೆಯಬೇಕು, ನನ್ನ ಕ್ಲಾಸಿನ ಸುಷ್ಮಾ ಹಾಸ್ಟೆಲಿನ ಅಡಿಗೆಯಾಕೆಯ ಮೊಮ್ಮಗಳನ್ನು ಹಿಡಿದಳು, ನನಗೆ ಹುಡುಕುವ ಕಷ್ಟವೇ ಇರಲಿಲ್ಲ, ತಂಗಿಯ ಮಗನಿದ್ದ, ತಿರುಪತಿಯಿಂದ ಊರಿಗೆ ಬಂದಾಗಲೆಲ್ಲ ಈ ತೊಟ್ಟಿಲ ಪಕ್ಕ ಕೂತು ಬರೆದುಕೊಂಡೆ, ಅಳು ಕಡಿಮೆ, ನಿದ್ದೆ ಗಾಢ, ಸದ್ದಿನಿಂದ ಕಿರಿಕಿರಿಯಿಲ್ಲ, ಸರಳ ಸ್ವಭಾವದ ಮಗು. ಚಾಲಾ ಬಾಗ ರಾಶಾವಮ್ಮಾ, ಬಹಳ ಚೆನ್ನಾಗಿ ಬರೆದಿದ್ದೀ, ಅಂದರು ಮೇಡಂ, ಎದ್ದು ನಿಂತು ಎಲ್ಲರಿಗೂ ಓದು ಅಂದರು, ಓದಿದೆ, ಮನೆ ಹತ್ತಿ ಮಿಲ್ಲಿನ ಪಕ್ಕದಲ್ಲೇ ಇದೆ ಅಂತ ಸೇರಿಸಿದಾಗ ಕ್ಲಾಸಿಗೆ ಕ್ಲಾಸೇ ನಕ್ಕಿತು, ಆ ನಗು ನನಗೆ ಹಿತವಾಗಿತ್ತು, ಒಳ್ಳೆಯ ಮಗುವನ್ನು ನಾನೇ ಹೆತ್ತ ಹಾಗೆ ಬೀಗಿದ್ದೆ. ಅದೇ ಮೇಡಂ ಹೋದ ತಿಂಗಳು ಕಿವಿಯ ಪಾಠ ತೆಗೆದರು, ಹಿಂದೆ ನಿಂತು ಸದ್ದು ಮಾಡಬೇಕು, ನೆರಳು ಬೀಳಬಾರದು, ಗಾಳಿ ತಾಗಬಾರದು, ನೆರಳಿಗೆ ತಿರುಗುವ ಕೂಸನ್ನು ನೋಡಿ ಮನೆಯವರು ಕೇಳಿಸುತ್ತದೆ ಅಂದುಕೊಂಡು ಸುಮ್ಮನಿರುತ್ತಾರೆ, ಮೊದಮೊದಲು ಬಬ್ಬಬ್ಬ ಅಂದದ್ದು ಬರಬರುತ್ತ ಕಡಿಮೆಯಾಗುತ್ತದೆ — ನನ್ನ ಪೆನ್ನು ನಿಂತಿತು, ದೀಪಾವಳಿಗೆ ಬಂದಾಗ ಬಬ್ಬಬ್ಬ ಅನ್ನುತ್ತಿದ್ದ, ಸಂಕ್ರಾಂತಿಗೆ ಬಂದಾಗ ಅನ್ನಲಿಲ್ಲ, ಅದನ್ನೂ ನಾನು ಶಾಂತವಾಗಿದ್ದಾನೆ ಅಂತ ಬರೆದಿದ್ದೆ. ಬೇಗ ಗೊತ್ತಾದರೆ ಯಂತ್ರವಿದೆ, ಕೈಸನ್ನೆಯ ಭಾಷೆಯಿದೆ, ಇಂಥ ಮಕ್ಕಳೂ ಎಲ್ಲರ ಹಾಗೆ ಓದಿ ಬೆಳೆಯುತ್ತಾರೆ, ಕಳೆದ ತಿಂಗಳು ಮಾತ್ರ ವಾಪಸು ಬರುವುದಿಲ್ಲ, ಹಾಗೆಂದರು ಮೇಡಂ. ಕೇಳಿದ ಮೇಲೂ ನಾನು ಒಂದು ತಿಂಗಳು ಕಳೆದೆ, ಫೋನಿನಲ್ಲಿ ಹೇಗೆ ಹೇಳುವುದು ಅಂತ, ಪರೀಕ್ಷೆ ಮುಗಿಯಲಿ ಅಂತ. ಇವತ್ತು ಫೋನಿನ ನೆಪವೂ ಇಲ್ಲ, ಭುವನಾ ಅಲ್ಲೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ, ನಾಲ್ಕು ಹೆಜ್ಜೆ ಎದ್ದು ಹೋದರೆ ಆಯಿತು.

ಎದ್ದು ಹೋದರೆ ಏನಾಗುತ್ತದೆ. ಡಾಕ್ಟರು ಮೊದಲು ಕೇಳುವುದೇ ಗಂಡ ಹೆಂಡತಿ ಸಂಬಂಧಿಕರಾ ಅಂತ, ಹೌದು, ಮಾಮ ನಮ್ಮವ್ವನ ಸ್ವಂತ ತಮ್ಮ, ಆಮೇಲೆ ಭುವನಾ ನನ್ನ ಕಡೆ ತಿರುಗುತ್ತಾಳೆ. ಮಾಮನನ್ನು ನನಗೆ ಅಂತ ಇಟ್ಟಿದ್ದರು, ನಾನು ಹುಟ್ಟಿದ ದಿನವೇ ಇಕಿ ನನ್ನ ಸೊಸಿ ಅಂದಿದ್ದಳಂತೆ ಅಜ್ಜಿ, ನಮ್ಮಲ್ಲಿ ಅದೇನು ಹೊಸದಲ್ಲ, ಡಿಗ್ರಿ ಮುಗಿದ ಬೇಸಿಗೆಯಲ್ಲಿ ಎಲ್ಲರೂ ಆಲೂರಿನ ಮನೆಯಲ್ಲಿ ಮಾತಿಗೆ ಕೂತಾಗ ನಾನು ನಡುವೆ ನಿಂತು ಹೇಳಿದೆ, ರಕ್ತಸಂಬಂಧ ಬ್ಯಾಡ ಅಜ್ಜಿ, ಹುಟ್ಟೋ ಮಕ್ಕಳಿಗೆ ತೊಂದ್ರಿ ಆಗಬೋದು, ಪುಸ್ತಕದಾಗ ಐತಿ. ಅಜ್ಜಿ ಊಟ ಬಿಟ್ಟಳು, ಅಪ್ಪ ಮುಖ ತಗ್ಗಿಸಿ ಕೂತ, ಮಾಮ ಪಾಪ ಇದ್ದಷ್ಟು ಹೊತ್ತು ಗೋಡೆಯ ಕ್ಯಾಲೆಂಡರನ್ನೇ ನೋಡಿದ, ಆಗ ಭುವನಾ ತಾಟು ಲೋಟ ಎತ್ತುತ್ತ ಎತ್ತುತ್ತಲೇ ಅಂದಳು, ನಾ ಮಾಡ್ಕೊಂತೀನಿ ಬಿಡ್ರಿ, ಅಕ್ಕ ಓದ್ಲಿ. ಮನೆಗೆ ಜೀವ ಬಂತು. ನನಗೂ ಬಂತು, ಇಲ್ಲ ಅಂದರೆ ಸುಳ್ಳು. ಆಗಲಾದರೂ ಬಾಯಿ ಬಿಡಬಹುದಿತ್ತು, ಭುವನಾ, ನಾನು ಹೇಳಿದ್ದು ನಿನಗೂ ಸೇರುತ್ತದೆ, ನಮ್ಮಿಬ್ಬರ ಮೈಯಲ್ಲಿರುವುದು ಒಂದೇ ರಕ್ತ ಅಂತ, ಆದರೆ ಪುಸ್ತಕದ ಕೆಲಸ ಅಷ್ಟರಲ್ಲಿ ಮುಗಿದಿತ್ತು, ಅದನ್ನು ಮುಚ್ಚಿಟ್ಟು ಹಾಸ್ಟೆಲಿಗೆ ಬೇಕಾದ ಬಕೆಟ್ಟು ಚಾಪೆ ಹೊಂದಿಸಿಕೊಳ್ಳುತ್ತಿದ್ದೆ. ಎಲ್ಲರಿಗೂ ಹಾಗೇನೂ ಆಗುವುದಿಲ್ಲ, ಕೌತಾಳಂನ ಮಾರೆಣ್ಣ ಅಕ್ಕನ ಮಗಳನ್ನೇ ಮಾಡಿಕೊಂಡವನು, ಮಕ್ಕಳು ಕುದುರೆಯ ಹಾಗಿದ್ದಾರೆ, ಮೇಡಂ ಕೂಡ ಸಾಧ್ಯತೆ ಮಾತ್ರ ಅಂದಿದ್ದಾರೆ, ಕಿವಿಗೆ ಬೇರೆ ನೂರು ಕಾರಣ ಇರಬಹುದು, ಇರಲಿ, ನೂರು ಕಾರಣವಿರಲಿ, ಅವತ್ತು ನಾನು ಸುಮ್ಮನಿದ್ದದ್ದು ಇದ್ದೇ ಇದೆ. ಅವಳ ಮದುವೆಗೆ ನಾನೇ ಮದರಂಗಿ ಹಚ್ಚಿದೆ, ಎಷ್ಟು ಕೆಂಪಗೆ ಹತ್ತೈತಿ ನೋಡಕ್ಕ ಅಂತ ಎರಡೂ ಕೈ ನನ್ನ ಮುಖದ ಹತ್ತಿರ ತಂದಿದ್ದಳು. ನನಗೆ ಹೆದರಿಕೆ ಇರುವುದು ಮಗುವಿನ ಕಿವಿಯದಲ್ಲ, ಅವತ್ತು ನಿನಗ ಗೊತ್ತಿತ್ತಲ್ಲಕ್ಕ ಅನ್ನುವ ಅವಳ ಒಂದು ಪ್ರಶ್ನೆಯದು, ಎಂಥವಳು ನಾನು, ಕೂಸಿಗಿಂತ ನನ್ನ ಮುಖ ನನಗೆ ದೊಡ್ಡದಾಯಿತು.

ಊಟವಾಯಿತು, ಮಾಮ ಮಿಲ್ಲಿಗೆ ಹೋದ, ಅಜ್ಜಿ ಪಕ್ಕದ ಮನೆಯ ಮಹಾಂತಮ್ಮನ ಹತ್ತಿರ ಹೋದಳು, ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡೆ, ಬರ್ತೀನಿ ಭುವನಾ, ಬಸ್ಸು ತಪ್ಪುತ್ತದೆ, ಮುಂದಿನ ಸಲ ಬಂದಾಗ ಎಲ್ಲ ಮಾತಾಡೋಣ — ಕುಂದ್ರಕ್ಕ, ಅಂದಳು. ದನಿ ಎತ್ತರಿಸಲಿಲ್ಲ, ಆದರೂ ಕೂತೆ. ಎದ್ದ ಮಗುವನ್ನು ತೊಟ್ಟಿಲಿಂದ ತೆಗೆದು ನೆಲಕ್ಕೆ ಬಿಟ್ಟಳು, ಹೊರಬಾಗಿಲ ಕಡೆ ಮುಖ ಮಾಡಿ ಕೂರಿಸಿ ಕೈಗೆ ಒಂದಿಷ್ಟು ಅರಳೆ ಕೊಟ್ಟಳು, ಅವನು ಅದನ್ನು ಎಳೆ ಎಳೆಯಾಗಿ ಹಿಂಜುತ್ತ ತನ್ನಷ್ಟಕ್ಕೆ ನಕ್ಕ, ಏನು ಚೆಂದ ನಗುತ್ತಾನೆ. ಅವಳು ತಾಟು ತೆಗೆದುಕೊಂಡಳು, ಸೌಟು ತೆಗೆದುಕೊಂಡಳು, ಅವನ ಬೆನ್ನ ಹಿಂದೆ, ನೆರಳು ಬೀಳದ ಕಡೆ — ನೆರಳಿನ ವಿಷಯ ಇವಳಿಗೆ ಯಾರು ಹೇಳಿದರು — ನಿಂತು ಬಡಿದಳು. ನನ್ನ ಹಲ್ಲು ಜುಮ್ಮೆಂದವು. ಅವನು ಅರಳೆ ಹಿಂಜುತ್ತಿದ್ದ. ಎಲ್ಲಾರೂ ಹೊರಗ ಹೋದ ಮ್ಯಾಲ ದಿನಾ ಹಿಂಗ ಬಡೀತೀನಕ್ಕ, ಮಿಲ್ಲಿನ ಸಪ್ಪಳದಾಗ ಯಾರಿಗೂ ಕೇಳಂಗಿಲ್ಲ, ಒಂದಿನಾನೂ ತಿರುಗಿಲ್ಲ ಇಂವ, ಸಂಕ್ರಾಂತಿಗೆ ನೀ ಬಂದಾಗ ಹೇಳ್ತಿ ಅನಕೊಂಡೆ, ಇವತ್ತು ಬಂದ ಕೂಡಲೆ ಹೇಳ್ತಿ ಅನಕೊಂಡೆ, ಪಾಸು ಅಂದೆಲ್ಲ, ಅಂದಳು, ಅಳಲಿಲ್ಲ. ಈಗ ಕೇಳುತ್ತಾಳೆ, ಅವತ್ತಿನದನ್ನು ಈಗ ಕೇಳುತ್ತಾಳೆ ಅಂತ ನಾನು ಕಾದೆ, ಅವಳು ಕೇಳಿದ್ದು ಅದನ್ನಲ್ಲ, ಎಲ್ಲಿ ತೋರಿಸಬೇಕು, ಅಷ್ಟ ಹೇಳಕ್ಕ. ಕರ್ನೂಲು, ದೊಡ್ಡಾಸ್ಪತ್ರೆ, ಕಿವಿ ಮೂಗು ಗಂಟಲಿನ ವಿಭಾಗ, ನಾನೇ ಬರ್ತೀನಿ ನಾಳೆಯೇ ಹೋಗೋಣ, ಎಲ್ಲ ಮಾತೂ ಇದೆ, ಸಾಲಾಗಿ ಇದೆ, ಬಾಯಿಂದ ಹೊರಗೆ ಬರುತ್ತಿಲ್ಲ, ನನಗೆ ಕೇಳಿಸಲಿಲ್ಲ ಅಂದುಕೊಂಡಳೋ ಏನೋ ಮತ್ತೆ ಬಡಿದಳು, ಅವನು ತಿರುಗಲಿಲ್ಲ, ಮತ್ತೆ ಸೌಟು ಎತ್ತಿದಳು, ಎತ್ತಿದ ಕೈ, ಹಿಡಿದ ತಾಟು, ಅವಳು ಮಗುವನ್ನು ನೋಡುತ್ತಿಲ್ಲ, ನನ್ನ ಬಾಯನ್ನು ನೋಡುತ್ತಿದ್ದಾಳೆ, ಎತ್ತಿದ ಕೈ, ನನ್ನ ಬಾಯನ್ನೇ ನೋಡುತ್ತಿರುವ ಭುವನಾ, ಎತ್ತಿದ ಕೈ