ಉಲ್ಟಾ ಬೋರ್ಡು

"ಮೋಟಾರಿನ ಸರ್ಕ್ಯೂಟ್ ಬೋರ್ಡ್ ಸುಟ್ಟಿದೆ, ಈಗ ಎಲ್ಲೂ ಸಿಗಲ್ಲಮ್ಮ. ಕಂಪನಿಯೋರೇ ಕೈಬಿಟ್ಟಿದ್ದಾರೆ. ನಾಳೆ ಸಂಜೆ ಬಂದು ಮಿಷನ್ನೇ ಗುಜರಿಗೆ ಹಾಕ್ಕೊಂಡು ಹೋಗ್ತೀನಿ," ಎಂದ ಮೆಕ್ಯಾನಿಕ್. ಅತ್ತೆಯ ಹೊಲಿಗೆ ಯಂತ್ರದ ಮೇಲೆ ಆಗಲೇ ತನ್ನದೆಂಬಂತೆ ಕೈಯೂರಿದ್ದ.

"ಬೋರ್ಡ್ ನಾನೇ ಮಾಡ್ತೀನಿ," ಎಂದಳು ಸೊಸೆ.

"ಮನೇಲಾ? ಅದೇನು ಚಹಾನಾ, ಒಲೆ ಮೇಲಿಟ್ರೆ ಆಗೋಕೆ?"

ಗಂಡ ಹೋದಮೇಲೆ ಆ ಯಂತ್ರದ ಮುಂದೆ ಕೂತೇ ಮನೆ ನಡೆಸಿದ ಅತ್ತೆ, ಈಗ ಅದರ ಮೈಯನ್ನು ಅಂಗೈಯಿಂದ ಒರೆಸುತ್ತಿದ್ದರು. ಸೊಸೆಗೆ ಅಷ್ಟು ಸಾಕಾಯಿತು.

ಭೌತಶಾಸ್ತ್ರ ಓದಿದವಳು, ಬಿಡುವಿದ್ದಾಗ ಬೋರ್ಡು ಮಾಡುವ ಹುಚ್ಚು. ಸುಟ್ಟ ಬೋರ್ಡಿನ ತಾಮ್ರದ ಮುಖದ ಫೋಟೊ ತೆಗೆದು, ಗೆರೆಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ, ನುಣುಪು ಕಾಗದಕ್ಕೆ ಮುದ್ರಿಸಿದಳು. ಅದನ್ನು ಒಂದು ಮುಖಕ್ಕೆ ತಾಮ್ರ ಹೊದಿಸಿದ ಹಲಗೆಯ ಮೇಲೆ ಕವುಚಿ ಇಸ್ತ್ರಿಪೆಟ್ಟಿಗೆ ಒತ್ತಿದಳು. ನೆನೆಸಿ ಕಾಗದ ಸುಲಿದಾಗ ಕಪ್ಪು ಗೆರೆಗಳು ತಾಮ್ರಕ್ಕೆ ಅಂಟಿಕೊಂಡಿದ್ದವು. ಬಾಲ್ಕನಿಯಲ್ಲಿ, ಪ್ಲಾಸ್ಟಿಕ್ ತಟ್ಟೆಯ ಕಂದು ದ್ರಾವಣದಲ್ಲಿ, ಗೆರೆ ಮುಚ್ಚದ ತಾಮ್ರವೆಲ್ಲ ಕರಗಿಹೋಯಿತು.

ತೂತು ಕೊರೆದು ಚಿಪ್ ಹಿಡಿದು ನೋಡಿದಳು. ಎಡಕ್ಕಿರಬೇಕಾದ ಗೆರೆ ಬಲಕ್ಕಿದೆ. ಕಾಗದ ಕವುಚಿದರೆ ಚಿತ್ರವೂ ಮಗುಚುತ್ತದೆ. ಮುದ್ರಿಸುವ ಮೊದಲೇ ಅದನ್ನು ಕನ್ನಡಿಬಿಂಬ ಮಾಡಿಕೊಳ್ಳಬೇಕಿತ್ತು. ಮನೆಯಲ್ಲಿದ್ದ ತಾಮ್ರದ ಹಲಗೆ ಅದೊಂದೇ.

"ಏನಾಯ್ತೇ?" ಎಂದರು ಅತ್ತೆ.

"ಉಲ್ಟಾ ಆಯ್ತು ಅತ್ತೆ."

"ಮೊದಲ ಸಲ ತೋಳು ಉಲ್ಟಾ ಹೊಲಿದಾಗ ನನ್ನ ಮುಖನೂ ಹಿಂಗೇ ಇತ್ತು. ಬಿಚ್ಚೋಕಾಗಲ್ವಾ?"

"ಕರಗಿದ ತಾಮ್ರ ವಾಪಸ್ ಬರಲ್ಲ."

ಅಳು ಬರಬೇಕಿತ್ತು, ಸಿಟ್ಟು ಬಂತು. ಬೋರ್ಡನ್ನು ತಿರುವಿ ತಿರುವಿ ನೋಡಿದಳು. ಬಿಡಿಭಾಗಗಳು ತಾಮ್ರವಿಲ್ಲದ ಬೋಳು ಮುಖದಲ್ಲೇ ಕೂರಬೇಕೆಂದು ಯಾರು ಹೇಳಿದ್ದು? ತಾಮ್ರದ ಮುಖದ ಮೇಲೇ ಕೂರಿಸಿದರೆ ಎಡ ಎಡಕ್ಕೇ, ಬಲ ಬಲಕ್ಕೇ! ಒಂದೊಂದನ್ನೂ ಅದರ ತಂತಿಗಾಲುಗಳ ಮೇಲೆ ಚೂರು ಎತ್ತರಕ್ಕೆ ನಿಲ್ಲಿಸಿ, ಕೆಳಗೆ ಬೆಸುಗೆ ಕಡ್ಡಿಯ ಕಾದ ಮೊನೆ ತೂರಿಸಿ ಬೆಸೆದಳು. ಮುಗಿದಾಗ ನೋಡಲು ಕೊಕ್ಕರೆಗಳ ಸಂತೆ.

ಮರುದಿನ ಸಂಜೆ ಮೆಕ್ಯಾನಿಕ್ ಕೈಗಾಡಿ ತಳ್ಳಿಕೊಂಡು ಬಂದ. ಅತ್ತೆ ಯಂತ್ರದ ಮುಂದೆ ಕೂತಿದ್ದರು. ಅವನ ಮುಖ ನೋಡಿಕೊಂಡೇ ಪೆಡಲು ಒತ್ತಿದರು. ಯಂತ್ರ ಒಮ್ಮೆ ಮುಗ್ಗರಿಸಿ ಓಡತೊಡಗಿತು.

ಅವನು ಬಗ್ಗಿ ಒಳಗೆ ಇಣುಕಿದ. "ಎಲ್ಲಾ ತಪ್ಪು ಕಡೆ ಕೂತಿದೆಯಲ್ಲಮ್ಮ! ಇದೆಷ್ಟು ದಿನ ಬಾಳುತ್ತೆ?"

"ಕೆಟ್ಟರೆ ಇನ್ನೊಂದು ಮಾಡ್ತೀನಿ," ಎಂದಳು ಸೊಸೆ.

ಅತ್ತೆ ಸೂಜಿಗೆ ದಾರ ಪೋಣಿಸಿದರು. "ನಿನ್ನ ಗಾಡಿ ಹೊದಿಕೆ ಹರಿದಿದೆ ನೋಡಪ್ಪ. ತಾ ಇಲ್ಲಿ, ಇದರಲ್ಲೇ ಹೊಲಿದು ಕೊಡ್ತೀನಿ."