ಉಪ್ಪು ನೋಡದ ರೊಟ್ಟಿ

"ಇಳಿಸಿ, ಅಲ್ಲೇ ಇಳಿಸಿ," ಎನ್ನುತ್ತ ಸಭೆಯ ಹಿರಿಯರು ಚರ್ಚಿನ ಎರಡು ಕದಗಳ ನಡುವೆ ಕೈ ಅಡ್ಡ ಹಿಡಿದು ನಿಂತರು. ಪೆಟ್ಟಿಗೆ ಹೊತ್ತ ನಾಲ್ವರೂ ಬೇಕರಿಯವರು, ಹಿಟ್ಟಿನ ಮೂಟೆ ಹೊತ್ತು ಪಳಗಿದ ಹೆಗಲು ಅವರದು. ಮೂರನೇ ಮೆಟ್ಟಿಲಿಗೆ ಬಂದವರು ಹಾಗೇ ನಿಂತರೇ ಹೊರತು ಇಳಿಸಲಿಲ್ಲ.

ಪೆಟ್ಟಿಗೆಯೊಳಗಿದ್ದವಳು ಹಿರಿಯರ ಒಡಹುಟ್ಟಿದ ತಂಗಿ. ಮಿಕ್ಕವರಿಗೆಲ್ಲ ಬೇಕರಿಯಕ್ಕ. ನಿನ್ನೆ ಶನಿವಾರ ಮಧ್ಯಾಹ್ನ ಇದೇ ಚರ್ಚಿನ ಅಡುಗೆಮನೆ ಬಾಗಿಲಿಗೆ ಪ್ರಭುಭೋಜನದ ರೊಟ್ಟಿ ತಂದುಕೊಟ್ಟು ಹೋದವಳು, ಸಂಜೆ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟಳು. ಇವತ್ತು ಬೆಳಿಗ್ಗೆ ಆರಾಧನೆಯಲ್ಲಿ ಇಡೀ ಸಭೆ ಅವಳ ರೊಟ್ಟಿ ತಿಂದಿದೆ. ಈಗ ಅವಳನ್ನು ಮಾತ್ರ ಒಳಗೆ ಬಿಡುವುದಿಲ್ಲವಂತೆ.

"ಒಳಗಿಟ್ಟು ಒಂದು ಪ್ರಾರ್ಥನೆ, ಅಷ್ಟೇ ಮಾವ," ಎಂದಳು ಬೇಕರಿಯಕ್ಕನ ಮಗಳು. "ಅವಳು ಕೇಳಿದ್ದು ಅದೊಂದೇ."

"ಶಿಸ್ತಿಗೆ ಒಳಗಾದವರ ಪೆಟ್ಟಿಗೆ ಮುಂಬಾಗಿಲು ದಾಟೋ ಹಾಗಿಲ್ಲ. ಹನ್ನೊಂದನೇ ನಿಯಮ. ನನ್ನ ತಂಗಿ ಅಂತ ಬಿಟ್ರೆ ನಾಳೆ ಇನ್ನೊಬ್ಬರ ತಂಗಿ ಬರ್ತಾಳೆ."

ಬರಲಿ ಬಿಡಿ, ಚರ್ಚು ಇರುವುದು ಮತ್ತೆ ಯಾತಕ್ಕೆ? ಹಾಗೆ ಕೇಳುವ ಗಂಡಸು ಆ ಗುಂಪಿನಲ್ಲಿ ಒಬ್ಬನೂ ಇರಲಿಲ್ಲ. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡು ನಿಂತಿದ್ದರು.

*

ಇಪ್ಪತ್ತನಾಲ್ಕು ವರ್ಷದ ಹಿಂದೆ ಅವಳ ಮೊದಲ ಗಂಡ ಲಟ್ಟಣಿಗೆಯಿಂದ ಹೊಡೆದು ಅವಳ ಬಲಗೈ ಮಣಿಕಟ್ಟು ಮುರಿದಿದ್ದ. ಅವಳು ಓಡಿಬಂದದ್ದು ಅಣ್ಣನ ಮನೆಗೆ. ಅಣ್ಣ ತಾನೇ ಆಸ್ಪತ್ರೆಗೆ ಕರೆದೊಯ್ದು ಪಟ್ಟಿ ಹಾಕಿಸಿದ, ಒಂದು ತಿಂಗಳು ಅವಳ ತಲೆ ಬಾಚಿದ, ತುತ್ತು ಮಾಡಿ ತಿನ್ನಿಸಿದ. ಪಟ್ಟಿ ಬಿಚ್ಚಿದ ದಿನ, ಇನ್ನು ಗಂಡನ ಮನೆಗೆ ಹೊರಡು ಎಂದ.

ಅವಳು ಹೋಗಲಿಲ್ಲ. ಗಡಿಯಾರ ರಿಪೇರಿ ಮಾಡುವವನನ್ನು ಮದುವೆಯಾದಳು. ಮೊದಲನೆಯವನು ಬದುಕಿರುವಾಗ ಇದು ವ್ಯಭಿಚಾರವೆಂದು ಸಭೆ ಅವಳನ್ನು ಶಿಸ್ತಿಗೆ ಒಳಪಡಿಸಿ ಪ್ರಭುಭೋಜನ ನಿಲ್ಲಿಸಿತು. ಮೊದಲು ಎದ್ದ ಕೈ ಅಣ್ಣನದು. ಮಣಿಕಟ್ಟು ಮುರಿದವನಾದರೋ ಒಂದು ಸಾಲಿನ ಕ್ಷಮಾಪಣೆ ಬರೆದುಕೊಟ್ಟು ಚರ್ಚಿನ ಎರಡನೇ ಸಾಲಿನಲ್ಲಿ ಆರಾಮಾಗಿ ಕೂತ. ಇವತ್ತಿಗೂ ಅಲ್ಲೇ ಕೂರುತ್ತಾನೆ, ಪುಣ್ಯಾತ್ಮ.

ಅದುವರೆಗೆ ಚರ್ಚಿಗೂ ಅವಳದೇ ರೊಟ್ಟಿ. ಆಮೇಲೆ ಮೂರು ಭಾನುವಾರ ಅಂಗಡಿಯಿಂದ ತಂದ ರೊಟ್ಟಿ ಪುಡಿಪುಡಿಯಾಗಿ ನೆಲಕ್ಕೆಲ್ಲ ಉದುರಿತು. ನಾಲ್ಕನೇ ವಾರ ಅಣ್ಣ ಬೇಕರಿಗೆ ಬಂದ. ರೊಟ್ಟಿ ನೀನೇ ಮಾಡು, ಶಿಸ್ತು ಬಾಯಿಗೆ, ಕೈಗಲ್ಲ ಎಂದ. ಪ್ರತಿ ಸುತ್ತಿನ ಮೊದಲ ರೊಟ್ಟಿಯ ಮೂಲೆ ಮುರಿದು ಉಪ್ಪು ನೋಡುವುದು ಅವಳ ಕಸುಬಿನ ಅಭ್ಯಾಸವೆಂದು ಅವನಿಗೆ ಗೊತ್ತಿತ್ತು.

"ಚರ್ಚಿನ ರೊಟ್ಟಿ ಮಾತ್ರ ಬಾಯಿಗೆ ಹಾಕಬೇಡ."

"ಉಪ್ಪು ನೋಡದೆ ಹೇಗಣ್ಣ?"

"ಅಳತೆ ಇದೆಯಲ್ಲ."

ಅವಳು ನಕ್ಕು, ಸರಿ ಎಂದಳು. ಒಲೆಯ ಮುಂದೆ ಯಾರು ನೋಡುತ್ತಾರೆ ಎಂದು ಮಗಳು ದೊಡ್ಡವಳಾದ ಮೇಲೆ ಎಷ್ಟೋ ಸಲ ರೇಗಿದ್ದಳು. ಯಾರೂ ನೋಡಲ್ಲ, ಅದಕ್ಕೇ ಅಣ್ಣ ನನ್ನ ನಂಬಿರೋದು ಎನ್ನುತ್ತಿದ್ದಳು ಬೇಕರಿಯಕ್ಕ.

*

ಇವತ್ತು ಬೆಳಿಗ್ಗೆ ತಟ್ಟೆ ಮೊದಲ ಸಾಲಿಗೆ ಬಂದಾಗ ಎಲ್ಲರೂ ಎಂದಿನಂತೆ ಒಳ್ಳೆಯ ತುಂಡನ್ನೇ ಮುರಿದುಕೊಂಡರು. ಬಾಯಿಗೆ ಹಾಕಿದ್ದೇ ತಡ, ಮುಖಗಳು ಹಿಂಡಿಹೋದವು. ಬರೀ ಉಪ್ಪು! ಉಗುಳುವ ಹಾಗಿಲ್ಲ, ಪ್ರಭುವಿನ ರೊಟ್ಟಿ. ಕಣ್ಣುಮುಚ್ಚಿ ನುಂಗಿದರು. ಹಿಂದಿನ ಸಾಲಿನವರು ಜಾಣರು, ಉಗುರಿನಷ್ಟು ಚಿವುಟಿ ಭಕ್ತಿಯಿಂದ ತಲೆ ತಗ್ಗಿಸಿದರು.

ಉಳಿದ ರೊಟ್ಟಿಯನ್ನು ಎಸೆಯುವಂತಿಲ್ಲ, ಮರುದಿನಕ್ಕೆ ಇಡುವಂತಿಲ್ಲ. ಹೊತ್ತು ಮುಳುಗುವುದರೊಳಗೆ ಹಿರಿಯರೇ ತಿಂದು ಮುಗಿಸಬೇಕು, ಅದು ಹದಿನಾಲ್ಕನೇ ನಿಯಮ. ವಾರವಾರವೂ ನಾಲ್ಕು ಚೂರು ಉಳಿಯುತ್ತಿತ್ತು. ಇವತ್ತು ಮುಕ್ಕಾಲು ಪಾಲು ರೊಟ್ಟಿ ಉಳಿಯಿತು.

*

ಪಾದ್ರಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ಹಿರಿಯರನ್ನು ಕಂಡರೆ ಅವರಿಗೆ ನಡುಕ. ಹೇಗೋ ಧೈರ್ಯ ಮಾಡಿ, ನಿಯಮದಲ್ಲಿ ಮುಂಬಾಗಿಲು ಅಂತಷ್ಟೇ ಇದೆ, ಅಡುಗೆಮನೆ ಬಾಗಿಲಿಂದ ಒಳಗೆ ತರಬಹುದಲ್ಲ ಎಂದರು. ಹಿರಿಯರು ಜೇಬಿನಿಂದ ಪುಸ್ತಕ ತೆಗೆದು ಬೆರಳಿಟ್ಟು ಓದಿದರು. ಎರಡು ಸಲ ಓದಿದರು.

"ಅದಕ್ಕೆ ಅಡ್ಡಿಯಿಲ್ಲ," ಎಂದರು. ಅವರ ದನಿಯೂ ಹಗುರಾಯಿತು.

"ಬೇಡ," ಎಂದಳು ಮಗಳು.

ಗಡಿಯಾರದವನು ಅವಳ ತೋಳು ಹಿಡಿದ. ಹೇಗಾದರೂ ಆಗಲಿ, ನಿಮ್ಮಮ್ಮನ ಆಸೆ ತೀರಲಿ ಎಂದು ಗೋಗರೆದ.

"ಇಲ್ಲಪ್ಪ. ಇಷ್ಟು ವರ್ಷ ಆ ಬಾಗಿಲಲ್ಲೇ ಬಂದಳು, ಇವತ್ತು ಬೇಡ." ಅವಳು ಹಿರಿಯರ ಕಡೆ ತಿರುಗಿದಳು. "ಬೆಳಿಗ್ಗೆ ರೊಟ್ಟಿ ಉಪ್ಪಾಗಿತ್ತಂತಲ್ಲ ಮಾವ. ಮೂರು ದಿನದಿಂದ ಅವಳಿಗೆ ಜ್ವರ. ಎರಡು ಸಲ ಉಪ್ಪು ಹಾಕಿಬಿಟ್ಟೆನೇನೋ ಅಂತ ಅನುಮಾನಪಟ್ಟಳು. ಒಂದು ಚೂರು ಬಾಯಿಗೆ ಹಾಕ್ಕೊಂಡು ನೋಡಮ್ಮ ಅಂದೆ. ಅಣ್ಣ ಬೇಡ ಅಂದಿದಾನೆ ಅಂದಳು. ನಾನು ನೋಡ್ತೀನಿ ಅಂದ್ರೂ ಬಿಡಲಿಲ್ಲ. ಸಾಯೋ ದಿನವೂ ನಿಮ್ಮ ಮಾತು ಮೀರಲಿಲ್ಲ ಅವಳು."

ಹಿರಿಯರು ಪುಸ್ತಕ ಮುಚ್ಚಿ ಜೇಬಿಗಿಟ್ಟರು. ಈಗಲಾದರೂ ಕೈ ಇಳಿಸುತ್ತಾರೆ ಎಂದುಕೊಂಡರು ಎಲ್ಲರೂ.

"ಅವಳೇ ಮುರೀಲಿಲ್ಲ," ಎಂದರು ಹಿರಿಯರು. "ನಾನು ಹೇಗೆ ಮುರೀಲಿ?"

ಥೂ, ಎಂದು ಬೇಕರಿಯವರಲ್ಲೊಬ್ಬ ಪಕ್ಕಕ್ಕೆ ಉಗುಳಿದ. ಪೆಟ್ಟಿಗೆ ಮೆಟ್ಟಿಲಿಳಿದು ಗೇಟಿನತ್ತ ತಿರುಗಿತು.

ಪಾದ್ರಿ ಹಿಂದೆಯೇ ಎರಡು ಹೆಜ್ಜೆ ಇಟ್ಟರು. ಶಿಸ್ತಿಗೆ ಒಳಗಾದವರ ಸಮಾಧಿಯ ಬಳಿ ನಿಲುವಂಗಿ ತೊಟ್ಟು ನಿಲ್ಲುವಂತಿಲ್ಲ ಎಂದು ಹಿರಿಯರು ನೆನಪಿಸಿದರು. ಪಾದ್ರಿ ನಿಂತರು. ಕತ್ತಿನ ಗುಂಡಿ ಬಿಚ್ಚಿ ನಿಲುವಂಗಿಯನ್ನು ತಲೆಯ ಮೇಲಿಂದ ಎಳೆದು ತೆಗೆದು, ಬಾಗಿಲಿಗೆ ಅಡ್ಡ ಹಿಡಿದಿದ್ದ ಆ ಕೈಯ ಮೇಲೆ ಹಾಕಿ, ಬೆವರಿದ ಅಂಗಿಯಲ್ಲೇ ಪೆಟ್ಟಿಗೆಯ ಹಿಂದೆ ಓಡಿದರು. ಚಪ್ಪಲಿ ನೋಡುತ್ತಿದ್ದವರೂ ಒಬ್ಬೊಬ್ಬರಾಗಿ ಹೊರಟರು.

ಸಮಾಧಿ ಭೂಮಿ ರಸ್ತೆಯಾಚೆಯೇ ಇತ್ತು. ಹಿರಿಯರು ನಿಲುವಂಗಿ ಮಡಚಿ ಮೊಳೆಗೆ ತೂಗುಹಾಕಿ ಒಳಗೆ ಬಂದರು. ಮೇಜಿನ ಮೇಲಿನ ಬಿಳಿ ಬಟ್ಟೆ ಸರಿಸಿ ಉಳಿದ ರೊಟ್ಟಿಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಖಾಲಿ ಬೆಂಚಿನಲ್ಲಿ ಕೂತರು. ಬಿಸಿಲು ಆಗಲೇ ಎದುರು ಗೋಡೆ ಹತ್ತುತ್ತಿತ್ತು. ಒಂದು ತುಂಡು ಮುರಿದು ಬಾಯಿಗಿಟ್ಟರು, ಅಗಿದರು, ನುಂಗಿದರು. ತೆರೆದ ಬಾಗಿಲಿನಿಂದ ಪೆಟ್ಟಿಗೆಯ ಮೇಲೆ ಮೊದಲ ಮಣ್ಣು ಬಿದ್ದ ಸದ್ದು ಕೇಳಿಸಿತು. ಹಿರಿಯರು ತಟ್ಟೆ ನೋಡಿದರು. ಇನ್ನೂ ಬಹಳ ಇತ್ತು. ಮತ್ತೊಂದು ತುಂಡು ಮುರಿದರು.