ಪಕ್ಕದ ಬೆರಳು

ಊದಿದ ಉಂಗುರಬೆರಳನ್ನು ಜೂಡೊ ಅಂಗಿಯ ತೋಳಿನೊಳಗೆ ಎಳೆದುಕೊಂಡೇ ಸುಮಿತ್ರಾ ಸಾಲಿನಲ್ಲಿ ನಿಂತಳು. ಕೋಚ್ ರಾಠೀ ಸರ್ ಕಣ್ಣಿಗೆ ಬಿದ್ದರೆ ಮುಗಿಯಿತು. ಬಾವು ಇಳಿಯುವವರೆಗೆ ಮ್ಯಾಟ್ ಮೇಲೆ ಕಾಲಿಡುವ ಹಾಗಿಲ್ಲ; ಅದು ಇಲ್ಲಿಯ ಕಾನೂನು.

ಬಡ್ತಿ ಸಿಕ್ಕಿ ಮೈಸೂರಿನಿಂದ ದೆಹಲಿಗೆ ಬಂದ ಮೇಲೆ ಆಫೀಸಿನಲ್ಲಿ ಅವಳ ಹೆಸರು ಹಿಡಿದು ಕರೆಯುವುದು ಫೈಲು ಬೇಕಾದಾಗ ಮಾತ್ರ. ಮುನಿರ್ಕಾದ ರೂಮಿನ ಬಾಗಿಲು ಬಡಿಯುವವನು ನೀರಿನ ಕ್ಯಾನ್ ತರುವ ಭಯ್ಯಾ ಒಬ್ಬನೇ. ನಲವತ್ತೆಂಟರ ಹೆಂಗಸಿಗೆ ಜೂಡೊ ಯಾಕೆ ಬೇಕಿತ್ತು ಅಂದರೆ, ಸುಮ್ಮನೆ ಈ ಕ್ಲಾಸಿಗೆ ಇಣುಕಲು ಬಂದ ದಿನ ಅದಿತಿ ಸಿಕ್ಕಿದ್ದಳು. ದಾವಣಗೆರೆಯವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಎದುರು ನಿಂತು ತೋಳು ಹಿಡಿದುಕೊಂಡೇ ಹರಕುಮುರುಕು ಕನ್ನಡದಲ್ಲಿ ಹರಟುವಳು. ಎದುರಿನವರು ಕೊಡವಿದರೆ ಹಿಡಿದ ಬಟ್ಟೆ ಬಿಟ್ಟುಬಿಡಿ, ಇಲ್ಲದಿದ್ದರೆ ಬೆರಳು ಹೋಗುತ್ತದೆ ಎಂದು ಸರ್ ದಿನಾ ಹೇಳುತ್ತಿದ್ದರು. ಮೊನ್ನೆ ಅದಿತಿ ಕೊಡವಿದಾಗ ಸುಮಿತ್ರಾ ಬಿಟ್ಟಿರಲಿಲ್ಲ.

"ಬನ್ನಿ ಆಂಟಿ, ಇವತ್ತು ನಿಮ್ಮನ್ನ ಪಕ್ಕಾ ಬೀಳಿಸ್ತೀನಿ."

"ಬೀಳಿಸು ನೋಡೋಣ. ಮುದ್ದೆ ತಿಂದ ಮೈ ಇದು."

ಅದಿತಿ ನಗುತ್ತಲೇ ಒಂದು ಸುತ್ತು ಹಾಕಿದವಳು ತಟ್ಟನೆ ನಿಂತಳು. "ನೀವು ಹಿಡೀತಾನೇ ಇಲ್ಲ. ಹಾಥ್ ದಿಖಾಯಿಯೇ."

"ಏನಿಲ್ಲ ಕಣೇ."

"ತೋರಿಸಿ ಅಂದೆ!" ಅಂಗಿಯ ತೋಳು ಸರಿಸಿದಳು. ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. "ಹೇ ಭಗವಾನ್. ಇದು ನಂದೇ ಕೆಲಸ ಅಲ್ವಾ? ಯಾಕೆ ಹೇಳಲಿಲ್ಲ?"

"ಸರ್‌ಗೆ ಹೇಳಬೇಡ ಪುಟ್ಟಿ. ಸಂಜೆಯೆಲ್ಲಾ ರೂಮಲ್ಲಿ ಕೂತು ಏನು ಮಾಡ್ಲಿ ನಾನು?"

ಅದಿತಿ ಅವಳ ಮುಖವನ್ನೇ ನೋಡಿದಳು. ಆಮೇಲೆ ತಿರುಗಿ ಕೂಗಿಯೇಬಿಟ್ಟಳು: "ಸರ್!"

ರಾಠೀ ಸರ್ ಬೈಯಲಿಲ್ಲ. ಬೆರಳನ್ನು ಮೆಲ್ಲಗೆ ಮುಟ್ಟಿ ನೋಡಿ, ಎಕ್ಸ್‌ರೇ ತೆಗೆಸಿ ಎಂದರು. "ಛೋಡ್ನಾ ಸೀಖಿಯೇ, ಮೇಡಂ ಜೀ," ಬಿಡುವುದನ್ನು ಕಲಿಯಿರಿ ಎಂದು ಗೋಡೆ ಬದಿಯ ಬೆಂಚು ತೋರಿಸಿದರು.

ಅದಿತಿ ಟೇಪು ತಂದಳು. ನೊಂದ ಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ, ನಡುವೆ ಹತ್ತಿ ಇಟ್ಟು ಸುತ್ತಿದಳು. "ಪಕ್ಕದ್ದು ಇದನ್ನ ಸಂಭಾಳಿಸುತ್ತೆ. ಒದ್ದೆ ಮಾಡಬೇಡಿ. ದಿನಾ ಹೊಸಾದು ಸುತ್ತಬೇಕು, ಒಂದೇ ಕೈಲಿ ಆಗಲ್ಲ. ಮನೇಲಿ ಯಾರಿಗಾದ್ರೂ ಹೇಳಿ, ಅಚ್ಛಾ?"

"ಹೇಳ್ತೀನಿ."

"ಚಲೋ!" ಎಂದು ಅದಿತಿ ಮ್ಯಾಟಿಗೆ ಓಡಿದಳು. ಯಾರದೋ ತೋಳು ಹಿಡಿದಳು.

ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿಯೇ ಇತ್ತು. ದಿನ ಕಳೆದಂತೆ ಟೇಪಿನ ಅಂಚು ಕಪ್ಪಾಗಿ ಮೇಲೆದ್ದಿತು; ಅದಿತಿ ಸುತ್ತಿದ್ದನ್ನು ಸುಮಿತ್ರಾ ಬಿಚ್ಚಲಿಲ್ಲ. ಊಟ ಮುಗಿಸಿ ಒಂದು ತಟ್ಟೆ, ಒಂದು ಲೋಟ ತೊಳೆಯಲು ನಿಂತಾಗ ಎಡಗೈ ನಲ್ಲಿಯ ಕೆಳಗಿರುತ್ತಿತ್ತು. ಟೇಪು ಸುತ್ತಿದ ಬಲಗೈ, ಹನಿ ಸಿಡಿಯದ ಹಾಗೆ, ತಲೆಗಿಂತ ಮೇಲೆ. ನಲ್ಲಿ ನಿಲ್ಲಿಸಿದ ಮೇಲೂ ಅದು ಸ್ವಲ್ಪ ಹೊತ್ತು ಅಲ್ಲೇ ಇರುತ್ತಿತ್ತು.